ಅರಬ್ಬಿ ಲಿಪಿಯಲ್ಲಿ ತಮಿಳು

ಬಹಳ ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತ ಬಂದ ನನಗೆ ಒಂದು ದಿನ ತರಗತಿಯಲ್ಲಿ ಒಬ್ಬ ಹುಡುಗನೇ ಪಾಠ ಹೇಳಿದ. ಆ ಪ್ರಸಂಗದಿಂದಲೇ ಈ ಲೇಖನವನ್ನು ಆರಂಭಿಸುತ್ತೇನೆ, ವಾಚಕರು ಮನ್ನಿಸಬೇಕು.

ಭಾಷೆ ಬೇರೆ, ಲಿಪಿ ಬೇರೆ ಎಂಬುದನ್ನು ಮಕ್ಕಳಿಗೆ ಮನದಟ್ಟು ಮಾಡಿಕೊಡಬೇಕೆಂದು ಕರಿಹಲಗೆಯ ಮೇಲೆ ಕನ್ನಡ ಅಕ್ಷರಗಳಲ್ಲಿ ‘ಮಳೈ ಪೆಯ್‌ಗಿರದು’ ಎಂದು ಬರೆದೆ. "ಇದು ಯಾವ ಭಾಷೆ?" ಎಂದು ಕೇಳಿದೆ. "ಕನ್ನಡ ಸಾರ್, ಆದರೆ ಅರ್ಥ ಆಗೋದಿಲ್ಲ" ಎಂದರು ಹಲವರು. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗ ನಕ್ಕು, "ಸಾರ್, ಅದು ತಮಿಳು. ಮಳೆ ಬರ್ತಾ ಇದೆ ಅಂತ. ನಮ್ಮ ಮನೆ ಮಾತು" ಎಂದ. ಸರಿ, ಪಾಠ ಮುಗಿಯಿತು ಎಂದುಕೊಂಡೆ. ಆದರೆ ಅವನು ಕೂರಲಿಲ್ಲ. "ಆದರೆ ನೀವು ತಪ್ಪು ಬರೆದಿದ್ದೀರಿ ಸಾರ್. ಅದು ‘ಮಳೈ’ ಅಲ್ಲ. ನಮ್ಮ ಅಜ್ಜಿ ಹಾಗೆ ಹೇಳೋದಿಲ್ಲ" ಎಂದು ನಾಲಗೆಯನ್ನು ಅಂಗುಳಿನ ಕಡೆಗೆ ಮಡಿಸಿ ಆ ಮಾತನ್ನು ಸರಿಯಾಗಿ ಉಚ್ಚರಿಸಿ ತೋರಿಸಿದ.

ಹುಡುಗ ಹೇಳಿದ್ದು ನಿಜ. ಆ ಧ್ವನಿಗೆ ಇಂದಿನ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ಒಂದು ಕಾಲಕ್ಕೆ ಇತ್ತು. ಹಳಗನ್ನಡದಲ್ಲಿ ‘ಮೞೆ’ ಎಂದೇ ಬರೆಯುತ್ತಿದ್ದರು. ೧೩ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸುವ ವೇಳೆಗೆ ಈ ೞಕಾರವನ್ನು ಎಲ್ಲಿ ಬರೆಯಬೇಕು, ಎಲ್ಲಿ ಸಾಮಾನ್ಯ ಳಕಾರವನ್ನು ಬರೆಯಬೇಕು ಎಂಬುದರಲ್ಲಿ ಗೊಂದಲ ಉಂಟಾಗಿತ್ತು. ಅದಕ್ಕಾಗಿಯೇ ಅವನು ೞಕಾರವುಳ್ಳ ಶಬ್ದಗಳನ್ನು ಪಟ್ಟಿ ಮಾಡಿಕೊಡಬೇಕಾಯಿತು. ಅಷ್ಟು ಮಾಡಿದರೂ ಆ ಅಕ್ಷರ ಉಳಿಯಲಿಲ್ಲ. ನಾನು ಕರಿಹಲಗೆಯ ಮೇಲೆ ಆ ಹಳೆಯ ಅಕ್ಷರವನ್ನು ಬರೆದು ತೋರಿಸಿ, ಹುಡುಗನಿಗೆ ಶಹಬಾಸ್ ಹೇಳಿ ಕೂರಿಸಿದೆ.

ಅಂದು ಸಂಜೆ ನನಗೆ ನೆನಪಾದದ್ದು ತಮಿಳುನಾಡಿನ ಕಡಲತಡಿಯ ಮುಸಲ್ಮಾನರು. ನಾವು ಕೈಬಿಟ್ಟ ಇದೇ ಧ್ವನಿಗಾಗಿ ಅವರು ಅರಬ್ಬಿ ಲಿಪಿಯಲ್ಲಿ ಹೊಸದೊಂದು ಅಕ್ಷರವನ್ನೇ ಮಾಡಿಕೊಂಡಿದ್ದರು. ಅವರ ಆ ಬರಹಕ್ಕೆ ‘ಅರವಿ’ ಎಂದು ಹೆಸರು; ‘ಅರಬ್ಬಿ-ತಮಿಳು’ ಎಂದೂ ಕರೆಯುವುದುಂಟು. ಭಾಷೆ ತಮಿಳು, ವ್ಯಾಕರಣ ತಮಿಳು, ನಡುನಡುವೆ ಅರಬ್ಬಿ ಶಬ್ದಗಳು ಹೇರಳ, ಬರಹ ಮಾತ್ರ ಬಲದಿಂದ ಎಡಕ್ಕೆ ಸಾಗುವ ಅರಬ್ಬಿ. ಈ ಹೆಸರಿಗೂ ತೆಲುಗರು, ಕನ್ನಡಿಗರು ತಮಿಳಿಗೆ ಹೇಳುವ ‘ಅರವ’ ಎಂಬ ಹೆಸರಿಗೂ ಸಂಬಂಧವಿದೆಯೆಂದು ಕೆಲವು ವಿದ್ವಾಂಸರ ಅಭಿಪ್ರಾಯ.

ಇಂಥದೊಂದು ಬರಹ ಹುಟ್ಟಲು ಕಾರಣವೇನು? ಮೊದಲು ಆ ನಾಡನ್ನು ನೋಡೋಣ.

ಪೂರ್ವ ಕರಾವಳಿಯ ದಕ್ಷಿಣ ಭಾಗವನ್ನು ಅರಬರು ‘ಮಅಬರ್’ ಎಂದು ಕರೆಯುತ್ತಿದ್ದರು. ಆ ಮಾತಿಗೆ ದಾಟುವ ಸ್ಥಳ, ಹಾಯ್ಗಡ ಎಂದು ಅರ್ಥ. ಪಶ್ಚಿಮದ ಮಲಬಾರಿಗೂ ಪೂರ್ವದ ಈ ಮಅಬರಿಗೂ ವಾಚಕರು ಗೊಂದಲ ಮಾಡಿಕೊಳ್ಳಬಾರದು. ತಾಮ್ರಪರ್ಣಿ ನದಿ ಸಮುದ್ರವನ್ನು ಸೇರುವ ಎಡೆಯಲ್ಲಿದ್ದ ಕಾಯಲ್ ಪಟ್ಟಣವು ಮುತ್ತಿನ ವ್ಯಾಪಾರಕ್ಕೂ ಕುದುರೆಗಳ ಆಮದಿಗೂ ಹೆಸರುವಾಸಿಯಾಗಿತ್ತು. ೧೩ನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೋ ಈ ರೇವನ್ನು ವರ್ಣಿಸಿದ್ದಾನೆ. ೧೪ನೆಯ ಶತಮಾನದಲ್ಲಿ ಇಬ್ನ್ ಬತೂತ ಈ ನಾಡಿಗೆ ಬಂದು ಹೋದ. ಅರಬ್ಬಿ ವರ್ತಕರು ಮಾರುತದ ಗಾಳಿಯನ್ನು ಹಿಡಿದು ಬರುವರು, ಗಾಳಿ ತಿರುಗುವ ತನಕ ತಂಗುವರು, ಕೆಲವರು ಇಲ್ಲಿಯೇ ಮದುವೆಯಾಗಿ ನೆಲೆಸುವರು. ಹೀಗೆ ಕಾಯಲ್‌ಪಟ್ಟಣ, ಕೀಳಕ್ಕರೈ, ಅದಿರಾಂಪಟ್ಟಣ, ನಾಗೂರು, ಪರಂಗಿಪೇಟೆ, ಪುಲಿಕಾಟ್ ಮೊದಲಾದ ಊರುಗಳಲ್ಲಿಯೂ, ಜಲಸಂಧಿಯ ಆಚೆಗೆ ಸಿಂಹಳದ್ವೀಪದ ಬೇರುವಳ, ಗಾಲೆ, ಕೊಲಂಬೊ ಪಟ್ಟಣಗಳಲ್ಲಿಯೂ ತಮಿಳನ್ನೇ ಮನೆಮಾತಾಗಿ ಉಳ್ಳ ಮುಸಲ್ಮಾನ ಸಮಾಜ ಬೆಳೆಯಿತು. ಮರಕ್ಕಾಯರು, ಲಬ್ಬೆಗಳು ಎಂಬ ಹೆಸರುಗಳನ್ನು ನೀವು ಕೇಳಿರಬಹುದು.

ಇವರ ಮನೆಯಲ್ಲಿ ತಾಯಿ ಆಡುವ ಮಾತು ತಮಿಳು, ಮಗು ಮೊದಲು ಕಲಿಯುವ ಅಕ್ಷರ ಅರಬ್ಬಿ. ಕುರಾನನ್ನು ಓದಬೇಕಾದುದರಿಂದ ಐದಾರು ವರ್ಷದ ಮಗುವಿಗೆ ಅಲಿಫ್, ಬೇ ಎಂದು ತಿದ್ದಿಸುವರು. ಓದಲು ಬಂದ ಲಿಪಿಯಲ್ಲಿಯೇ ಆಡುವ ಮಾತನ್ನೂ ಬರೆದರೆ ಇನ್ನೊಂದು ಲಿಪಿಯನ್ನು ಕಲಿಯುವ ಶ್ರಮ ಉಳಿಯಿತು. ಇದು ಒಂದು ಕಾರಣ. ಆದರೆ ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕಾರಣ ಉಂಟು. ಅದನ್ನು ಎರಡು ಶಬ್ದಗಳ ಸಹಾಯದಿಂದ ವಿವರಿಸುತ್ತೇನೆ.

ಅರಬ್ಬಿಯಲ್ಲಿ ಹೃದಯಕ್ಕೆ ‘ಕಲ್ಬ್’ ಎನ್ನುತ್ತಾರೆ. ನಾಯಿಗೂ ‘ಕಲ್ಬ್’ ಎನ್ನುತ್ತಾರೆ. ನಮ್ಮ ಕಣ್ಣಿಗೆ ಎರಡೂ ಒಂದೇ. ಅರಬ್ಬಿಯವನಿಗೆ ಎರಡೂ ಬೇರೆ ಬೇರೆ. ಮೊದಲನೆಯ ಕಕಾರ ಗಂಟಲಿನ ಒಳಗಿನಿಂದ ಹೊರಡುವುದು, ಎರಡನೆಯದು ನಮ್ಮ ಸಾಮಾನ್ಯ ಕಕಾರ. ಎರಡಕ್ಕೂ ಅಲ್ಲಿ ಪ್ರತ್ಯೇಕ ಅಕ್ಷರಗಳಿವೆ. ತಮಿಳು ಲಿಪಿಯಲ್ಲಿ ಬರೆದರೆ ಹೃದಯ ಯಾವುದು, ನಾಯಿ ಯಾವುದು ಎಂದು ತಿಳಿಯುವ ಬಗೆಯಿಲ್ಲ. ಕನ್ನಡದಲ್ಲಿ ಬರೆದರೂ ಅಷ್ಟೆ. ಮೇಲಿನ ಸಾಲೇ ಸಾಕ್ಷಿ. ದೇವರ ಮುಂದೆ ನಿಂತು ಹೃದಯವನ್ನು ಅರ್ಪಿಸುವವನು ತಪ್ಪಿ ನಾಯಿಯ ಹೆಸರು ಹೇಳಿದರೆ ಗತಿಯೇನು? ತಮಿಳು ವರ್ಣಮಾಲೆಯಲ್ಲಿ ಸ್ವರಗಳು ೧೨, ವ್ಯಂಜನಗಳು ೧೮. ಕ-ಗ, ತ-ದ, ಪ-ಬ ಎಂಬ ಭೇದಕ್ಕೆ ಅಲ್ಲಿ ಬೇರೆ ಬೇರೆ ಅಕ್ಷರಗಳಿಲ್ಲ. ಓದುವವನು ಸಂದರ್ಭದಿಂದ ತಿಳಿಯಬೇಕು. ಪಾಪ ಎಂಬರ್ಥದ ‘ಪಾವಂ’ ಶಬ್ದಕ್ಕೂ ನಮ್ಮ ‘ಭಾವ’ಕ್ಕೂ ತಮಿಳಿನಲ್ಲಿ ಬರಹ ಒಂದೇ. ತಮಿಳಿಗೆ ಇದು ಕೊರತೆಯಲ್ಲ. ಆ ಭಾಷೆಯ ಧ್ವನಿಗಳ ಕ್ರಮವೇ ಹಾಗೆ. ಆದರೆ ಅನ್ಯಭಾಷೆಯ ಪವಿತ್ರ ಶಬ್ದಗಳನ್ನು ಅದರಲ್ಲಿ ಬರೆಯುವುದು ಕಷ್ಟ. ತಮಿಳುನಾಡಿನ ವೈದಿಕ ಪಂಡಿತರಿಗೂ ಇದೇ ತೊಡಕು ಬಂದಿತ್ತು. ಅವರು ಸಂಸ್ಕೃತವನ್ನು ಬರೆಯುವುದಕ್ಕಾಗಿ ಗ್ರಂಥಲಿಪಿಯನ್ನು ಬೆಳೆಸಿಕೊಂಡರು. ಮಂತ್ರದ ಅಕ್ಷರ ಕೆಡಬಾರದೆಂಬ ಭಯ ಇಬ್ಬರಿಗೂ ಸಮಾನ.

ಇನ್ನು ಎರಡನೆಯ ಶಬ್ದ. ತಮಿಳು ಮುಸಲ್ಮಾನರು ನಮಾಜಿಗೆ ಏನನ್ನುತ್ತಾರೆ ಬಲ್ಲಿರಾ? ‘ತೊೞುಗೈ’ ಎನ್ನುತ್ತಾರೆ. ಅಚ್ಚ ತಮಿಳು ಶಬ್ದ. ತೊೞು ಎಂದರೆ ಕೈಮುಗಿ, ಸೇವಿಸು. ನಮ್ಮ ಹಳಗನ್ನಡದ ‘ತೊೞ್ತು’, ಈಗಿನ ‘ತೊತ್ತು’ ಅದರ ಬಳಗದ್ದೇ. ರಂಜಾನ್ ಉಪವಾಸಕ್ಕೆ ಅವರು ‘ನೋನ್ಬು’ ಎನ್ನುತ್ತಾರೆ. ನಮ್ಮ ಜೈನಕಾವ್ಯಗಳನ್ನು ಓದಿದವರಿಗೆ ‘ನೋಂಪಿ’ ಎಂಬ ವ್ರತವಾಚಕ ಕೂಡಲೇ ಹೊಳೆಯದಿರದು. ಮಸೀದಿಗೆ ‘ಪಳ್ಳಿವಾಸಲ್’ ಎನ್ನುತ್ತಾರೆ. ಪಳ್ಳಿ ಎಂಬುದು ಹಿಂದೆ ಜೈನ, ಬೌದ್ಧ ಮುನಿಗಳ ವಸತಿಗೆ ಸಲ್ಲುತ್ತಿದ್ದ ಹೆಸರು. ವಾಸಲ್ ಎಂದರೆ ಬಾಗಿಲು. ಕುರಾನ್ ಪಠಿಸುವುದಕ್ಕೆ ‘ಓದು’ ಎಂದೇ ಹೇಳುತ್ತಾರೆ. ಧರ್ಮ ಹೊಸದಾಗಿ ಬಂದರೂ ಅದರ ಮುಖ್ಯವಾದ ಮಾತುಗಳನ್ನು ಅವರು ನೆಲದ ಭಾಷೆಯಿಂದಲೇ ಆರಿಸಿಕೊಂಡರು ಎಂಬುದನ್ನು ವಾಚಕರು ಗಮನಿಸಬೇಕು.

ಈಗ ಇಕ್ಕಟ್ಟನ್ನು ನೋಡಿ. ತಮಿಳು ಲಿಪಿಯಲ್ಲಿ ಬರೆದರೆ ಅರಬ್ಬಿಯ ‘ಹೃದಯ’ ಕೆಡುತ್ತದೆ. ಅರಬ್ಬಿ ಲಿಪಿಯಲ್ಲಿ ಬರೆಯೋಣವೆಂದರೆ ‘ತೊೞುಗೈ’ಯ ೞಕಾರಕ್ಕೆ ಅಲ್ಲಿ ಅಕ್ಷರವಿಲ್ಲ. ಒಂದರಲ್ಲಿ ಪ್ರಾರ್ಥನೆಯ ಒಳಗಿನ ಮಾತು ಕೆಟ್ಟರೆ ಇನ್ನೊಂದರಲ್ಲಿ ಪ್ರಾರ್ಥನೆಯ ಹೆಸರೇ ಕೆಡುತ್ತದೆ.

ಅರಬ್ಬಿ ವರ್ಣಮಾಲೆಯಲ್ಲಿರುವುದು ೨೮ ಅಕ್ಷರಗಳು. ಪಕಾರವಿಲ್ಲ, ಚಕಾರವಿಲ್ಲ, ಟಕಾರ ಣಕಾರ ಳಕಾರಗಳಿಲ್ಲ, ಙ-ಞಗಳಿಲ್ಲ. ೞ ಮತ್ತು ಱಗಳಂತೂ ಅರಬನು ಕಿವಿಯಿಂದಲೂ ಕೇಳದ ಧ್ವನಿಗಳು. ಸ್ವರಗಳಲ್ಲಿಯೂ ಅ, ಇ, ಉಗಳಿಗೆ ಗುರುತುಗಳಿವೆಯೇ ಹೊರತು ಎ, ಒಗಳಿಗೆ ಇಲ್ಲ. ಇಂಥ ತೊಡಕನ್ನು ಪಾರಸಿಕರು ಮೊದಲೇ ಪರಿಹರಿಸಿದ್ದರು. ಅವರು ಪಕಾರ, ಚಕಾರ, ಗಕಾರ ಮತ್ತು ತಮ್ಮದೇ ಒಂದು ‘ಝ’ ಧ್ವನಿಗಾಗಿ ನಾಲ್ಕು ಅಕ್ಷರಗಳನ್ನು ಸೇರಿಸಿ ಸಂಖ್ಯೆಯನ್ನು ೩೨ಕ್ಕೆ ಏರಿಸಿಕೊಂಡಿದ್ದರು. ತಮಿಳಿನ ಮುಸಲ್ಮಾನ ವಿದ್ವಾಂಸರು ಅದೇ ಹಾದಿಯಲ್ಲಿ ಇನ್ನೂ ಮುಂದಕ್ಕೆ ಹೋದರು. ಧ್ವನಿಯಲ್ಲಿ ಹತ್ತಿರವೆನಿಸಿದ ಅರಬ್ಬಿ ಅಕ್ಷರದ ಆಕಾರವನ್ನು ಇಟ್ಟುಕೊಂಡು, ಮೇಲೋ ಕೆಳಗೋ ಚುಕ್ಕೆಗಳನ್ನು ಸೇರಿಸಿ ಹೊಸ ಅಕ್ಷರಗಳನ್ನು ಮಾಡಿಕೊಂಡರು. ಎ, ಒಗಳಿಗೆ ಹೊಸ ಗುರುತುಗಳನ್ನು ಕಲ್ಪಿಸಿದರು. ಒಟ್ಟು ಸುಮಾರು ಒಂದು ಡಜನ್ ಅಕ್ಷರಗಳು ಹೀಗೆ ಸೇರಿದವು. ಅರಬ್ಬಿ ಬರಹದಲ್ಲಿ ಸ್ವರಚಿಹ್ನೆಗಳನ್ನು ಸಾಮಾನ್ಯವಾಗಿ ಬಿಟ್ಟು ಬರೆಯುವ ವಾಡಿಕೆ. ಅರವಿಯಲ್ಲಿ ಹಾಗಲ್ಲ, ತಮಿಳು ತಪ್ಪಾಗಬಾರದೆಂದು ಸ್ವರಚಿಹ್ನೆಗಳನ್ನೂ ತುಂಬಿ ಬರೆಯುವರು.

ಲಿಪಿಯೊಂದನ್ನು ಎರವಲು ತಂದವರು ಸಾಮಾನ್ಯವಾಗಿ ಅದರ ಅಳತೆಗೆ ತಮ್ಮ ಮಾತನ್ನು ಕತ್ತರಿಸಿಕೊಳ್ಳುತ್ತಾರೆ. ಇಲ್ಲಿ ಹಾಗಾಗಲಿಲ್ಲ. ಅತ್ಯಂತ ಪವಿತ್ರವೆಂದು ನಂಬಿದ ಲಿಪಿಯನ್ನೇ ಇವರು ತಾಯಿಮಾತಿಗೆ ಹೊಂದುವಂತೆ ಹಿಗ್ಗಿಸಿದರು. ‘ಮಳೆ’ ಎಂಬ ಮಾತಿನ ೞಕಾರವನ್ನು ನಾವು ಕನ್ನಡಿಗರು ಕನ್ನಡ ಲಿಪಿಯಲ್ಲಿಯೇ ಕಳೆದುಕೊಂಡೆವು. ಅವರು ಅರಬ್ಬಿ ಲಿಪಿಯಲ್ಲಿ ಅದನ್ನು ಕಾಪಾಡಿದರು. ಕೇಶಿರಾಜ ಕಂಡಿದ್ದರೆ ಸಂತೋಷಪಡುತ್ತಿದ್ದ.

ಹಾಗೆಂದು ಮುಸಲ್ಮಾನರು ತಮಿಳು ಲಿಪಿಯನ್ನು ದೂರವಿಟ್ಟಿದ್ದರೆಂದು ಭಾವಿಸಬಾರದು. ತಮಿಳು ಲಿಪಿಯಲ್ಲಿ ಅವರು ಬರೆದ ಕಾವ್ಯಗಳು ಬಹಳ. ೧೫೭೨ರಲ್ಲಿ ರಚಿತವಾದ ‘ಆಯಿರ ಮಸಲಾ’, ಎಂದರೆ ಸಾವಿರ ಪ್ರಶ್ನೆ ಎಂಬ ಕೃತಿ, ಪೂರ್ಣವಾಗಿ ಉಳಿದು ಬಂದಿರುವ ಹಳೆಯ ತಮಿಳು ಮುಸ್ಲಿಂ ಕಾವ್ಯ. ೧೭ನೆಯ ಶತಮಾನದ ಉಮರುಪ್ಪುಲವರ್ ಎಂಬ ಕವಿ ಪ್ರವಾದಿಯವರ ಚರಿತೆಯನ್ನು ‘ಸೀರಾಪ್ಪುರಾಣಂ’ ಎಂಬ ಹೆಸರಿನಿಂದ ತಮಿಳು ಕಾವ್ಯಸಂಪ್ರದಾಯಕ್ಕೆ ಅನುಸಾರವಾಗಿ ಹಾಡಿದ. ಕೀಳಕ್ಕರೈಯ ದಾನಶೂರ ವರ್ತಕ ಸೀದಕ್ಕಾದಿ ಅವನಿಗೆ ಆಶ್ರಯವಿತ್ತನೆಂದು ಪ್ರಸಿದ್ಧಿ. ಅದೇ ಕಾಲದ ಮಹಾವಿದ್ವಾಂಸ ಸದಕತುಲ್ಲಾ ಅಪ್ಪಾ ಅವರು ಅರಬ್ಬಿಯಲ್ಲಿ ಕವಿತೆ ರಚಿಸಿದರು. ಹೀಗೆ ಪಂಡಿತರ ಸಭೆಗೆ ತಮಿಳು ಲಿಪಿಯ ಕಾವ್ಯ, ಆಲಿಮರ ಗೋಷ್ಠಿಗೆ ಅರಬ್ಬಿ, ಮನೆಯ ಅಂಗಳಕ್ಕೂ ನಿತ್ಯದ ಬಾಳಿಗೂ ಅರವಿ ಎಂಬಂತೆ ಬಳಕೆ ಇತ್ತೆನ್ನಬಹುದು.

ಅರವಿಯಲ್ಲಿ ಏನನ್ನು ಬರೆದರು? ನಮಾಜು ಮಾಡುವ ವಿಧಿ, ಮದುವೆ, ಆಸ್ತಿ ಹಂಚಿಕೆ, ವ್ಯಾಪಾರದ ಧರ್ಮಸೂತ್ರಗಳು, ಕುರಾನಿನ ಭಾಗಗಳ ವಿವರಣೆ, ಸೂಫಿ ಸಂತರ ಸ್ತುತಿಗಳು, ವೈದ್ಯದ ಪುಸ್ತಕಗಳು. ೧೯ನೆಯ ಶತಮಾನ ಇದರ ಏಳಿಗೆಯ ಕಾಲ. ಆ ಶತಮಾನದಲ್ಲಿ ಬಾಳಿದ ಸಯ್ಯದ್ ಮುಹಮ್ಮದ್ ಆಲಿಮ್ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. ‘ಇಮಾಮುಲ್ ಅರೂಸ್’ ಎಂದೂ ‘ಮಾಪ್ಪಿಳ್ಳೈ ಲಬ್ಬೆ ಆಲಿಮ್’ ಎಂದೂ ಇವರಿಗೆ ಹೆಸರು. ಎರಡೂ ಹೆಸರುಗಳಲ್ಲಿ ‘ಮದುವಣಿಗ’ ಎಂಬ ಅರ್ಥವೇ ಇದೆ. ಒಂದು ಅರಬ್ಬಿ, ಒಂದು ತಮಿಳು. ೧೮೧೬ರಿಂದ ೧೮೯೮ರ ವರೆಗೆ ಬಾಳಿದ ಇವರು ಕೀಳಕ್ಕರೈಯಲ್ಲಿ ಮದರಸಾ ನಡೆಸಿದರು. ಹಲವು ಸಲ ಸಿಂಹಳಕ್ಕೆ ಹೋಗಿ ಊರೂರು ತಿರುಗಿ ಮಸೀದಿಗಳನ್ನೂ ಪಾಠಶಾಲೆಗಳನ್ನೂ ಕಟ್ಟಿಸಿದರು. ಧರ್ಮಶಾಸ್ತ್ರವನ್ನು ಸಾಮಾನ್ಯರಿಗೆ ತಿಳಿಸುವ ‘ಫತ್‌ಹುದ್ದಯ್ಯಾನ್’ ಎಂಬ ಗ್ರಂಥವನ್ನು ಅರಬ್ಬಿಯಲ್ಲಿ ಬರೆಯದೆ ಅರವಿಯಲ್ಲಿ ಬರೆದರು. ಅರಬ್ಬಿಯಲ್ಲಿ ಬರೆದಿದ್ದರೆ ದೂರದ ವಿದ್ವಾಂಸರೂ ಓದುತ್ತಿದ್ದರು. ಅಡಿಗೆಮನೆಯ ಹೆಂಗಸಿಗೂ ಅಂಗಡಿಯ ಗುಮಾಸ್ತನಿಗೂ ಅದು ಎಟುಕುತ್ತಿರಲಿಲ್ಲ.

ಹೆಂಗಸರ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಗಂಡಸರು ಮುತ್ತು, ಬಟ್ಟೆ, ಅಡಿಕೆ ಎಂದು ಕೊಲಂಬೊ, ಪಿನಾಂಗು, ಸಿಂಗಪುರಗಳಿಗೆ ಹೋಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಲ್ಲಿಯೇ ಇರುತ್ತಿದ್ದ ಊರುಗಳು ಇವು. ಮನೆಯಲ್ಲಿ ಉಳಿದ ಹೆಣ್ಣುಮಕ್ಕಳಿಗೆ ಕುರಾನಿನ ಜೊತೆಯಲ್ಲಿ ಅರವಿಯನ್ನೂ ಕಲಿಸುತ್ತಿದ್ದರು. ಅವರು ಪುಸ್ತಕ ಓದಿದರು, ಸ್ತುತಿಗಳನ್ನು ಕೂಡಿ ಹಾಡಿದರು, ತಮ್ಮ ಮಕ್ಕಳಿಗೆ ತಾವೇ ಗುರುಗಳಾದರು. ಅವರಲ್ಲಿ ಅನೇಕರಿಗೆ ತಮಿಳು ಲಿಪಿ ಬಾರದು. ಹೊರಗಿನವನೊಬ್ಬ ಬಂದು ತಮಿಳು ಪತ್ರಿಕೆಯೊಂದನ್ನು ಮುಂದಿಟ್ಟು ಓದಿರಿ ಎಂದರೆ ಸುಮ್ಮನಿರುತ್ತಿದ್ದರು. ‘ನಿರಕ್ಷರಿ’ ಎಂದು ಅವನು ಬರೆದುಕೊಂಡು ಹೋಗುತ್ತಿದ್ದನೋ ಏನೋ. ಆದರೆ ಅದೇ ತಮಿಳನ್ನು ಅರಬ್ಬಿ ಅಕ್ಷರದಲ್ಲಿ ಕೊಟ್ಟರೆ ನಿರರ್ಗಳವಾಗಿ ಓದುತ್ತಿದ್ದರು. ಒಬ್ಬರಿಗೆ ಓದು ಬರಹ ಬರುತ್ತದೆಯೇ ಇಲ್ಲವೇ ಎಂದು ನಿರ್ಣಯಿಸುವ ಮುನ್ನ ನಾವು ಯಾವ ಪುಸ್ತಕವನ್ನು ಮುಂದೆ ಇಟ್ಟೆವು ಎಂದು ಕೇಳಿಕೊಳ್ಳುವುದು ಒಳ್ಳೆಯದು. ನನ್ನ ವೃತ್ತಿಯವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

೧೯ನೆಯ ಶತಮಾನದಲ್ಲಿ ಕಲ್ಲಚ್ಚು ಬಂದದ್ದು ಈ ಬರಹಕ್ಕೆ ಅನುಕೂಲವಾಯಿತು. ಕಲ್ಲಚ್ಚಿನಲ್ಲಿ ಲಿಪಿಕಾರನ ಕೈಬರಹವನ್ನೇ ಕಲ್ಲಿಗೆ ಇಳಿಸಿ ಮುದ್ರಿಸುವುದರಿಂದ ಹೊಸ ಚುಕ್ಕೆಗಳಿಗಾಗಿ ಪ್ರತ್ಯೇಕ ಅಚ್ಚುಮೊಳೆಗಳನ್ನು ಎರಕ ಹೊಯ್ಯುವ ಅಗತ್ಯವಿರಲಿಲ್ಲ. ಮದರಾಸು, ಮುಂಬಯಿಗಳಲ್ಲಿ ಅರವಿ ಪುಸ್ತಕಗಳು ಅಚ್ಚಾಗಿ ಕರಾವಳಿಗೂ ದ್ವೀಪಗಳಿಗೂ ಹೋದವು. ಆದರೆ ೨೦ನೆಯ ಶತಮಾನದಲ್ಲಿ ಗಾಳಿ ತಿರುಗಿತು. ಸರಕಾರಿ ಶಾಲೆಗಳಲ್ಲಿ ಮಕ್ಕಳು ತಮಿಳು ಲಿಪಿಯನ್ನು ಕಲಿತರು. ಪತ್ರಿಕೆ, ಕೋರ್ಟು, ಕಚೇರಿ, ಚುನಾವಣೆ ಎಲ್ಲವೂ ತಮಿಳು ಲಿಪಿಯಲ್ಲಿ ನಡೆದವು. ಮೊಳೆಯಚ್ಚು ಅಗ್ಗವಾಯಿತು; ಅದರಲ್ಲಿ ಅರವಿಯ ವಿಶೇಷ ಅಕ್ಷರಗಳಿರಲಿಲ್ಲ. ಸಿಂಹಳದ ವಿದ್ಯಾಪ್ರಚಾರಕ ಸಿದ್ದಿ ಲೆಬ್ಬೆಯವರು ೧೮೮೫ರಲ್ಲಿಯೇ ‘ಅಸನ್‌ಬೇ’ಯ ಕಥೆಯನ್ನು ತಮಿಳು ಅಕ್ಷರಗಳಲ್ಲಿ ಕಾದಂಬರಿಯಾಗಿ ಬರೆದು ಮುಂದಿನ ಹಾದಿಯನ್ನು ಸೂಚಿಸಿದ್ದರು. ಕುರಾನಿನ ಅನುವಾದಗಳೂ ಕ್ರಮೇಣ ತಮಿಳು ಲಿಪಿಯಲ್ಲಿ ಬಂದವು. ಯಾರೂ ಅರವಿಯನ್ನು ನಿಷೇಧಿಸಲಿಲ್ಲ, ಯಾರೂ ದ್ವೇಷಿಸಲಿಲ್ಲ. ಮೊಮ್ಮಕ್ಕಳಿಗೆ ಅದರ ಅಗತ್ಯ ಬೀಳಲಿಲ್ಲ, ಅಷ್ಟೆ.

ತುರ್ಕಿಯಲ್ಲಿ ೧೯೨೮ರಲ್ಲಿ ಸರಕಾರದ ಆಜ್ಞೆಯಿಂದ ಅರಬ್ಬಿ ಲಿಪಿಯನ್ನು ಬಿಟ್ಟು ರೋಮನ್ ಲಿಪಿಯನ್ನು ತಂದಾಗ ಅಜ್ಜನ ಪುಸ್ತಕ ಮೊಮ್ಮಗನಿಗೆ ಓದಲು ಬಾರದಂತಾಯಿತು. ಕೀಳಕ್ಕರೈಯಲ್ಲಿ ಆಜ್ಞೆಯಿಲ್ಲದೆ ಅದೇ ಫಲ ಒದಗಿತು. ಇಮಾಮುಲ್ ಅರೂಸರ ‘ಫತ್‌ಹುದ್ದಯ್ಯಾನ್’ ೧೯೬೩ರಲ್ಲಿ ಕೊಲಂಬೊದಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಆಡುವ ಮಾತಿನಲ್ಲಿಯೇ ಇದ್ದ ಪುಸ್ತಕವು ಅದೇ ಸಮಾಜದ ಮುಂದಿನವರಲ್ಲಿ ಕೆಲವರನ್ನು ಇಂಗ್ಲಿಷಿನ ಮೂಲಕ ತಲುಪಬೇಕಾಯಿತು. ೧೯೯೩ರಲ್ಲಿ ತೈಕಾ ಶುಐಬ್ ಆಲಿಮ್ ಅವರು ತಮಿಳುನಾಡು ಮತ್ತು ಸಿಂಹಳದ ಅರಬ್ಬಿ, ಅರವಿ, ಪಾರಸಿ ವಾಙ್ಮಯವನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದ ಮೇಲೆ ಹೊರಗಿನ ವಿದ್ವಾಂಸರ ಗಮನವೂ ಈ ಕಡೆ ಹೆಚ್ಚಾಗಿ ಹರಿಯಿತು. ಕೆಲವು ಮದರಸಾಗಳಲ್ಲಿ ಅರವಿಯನ್ನು ಈಗಲೂ ಕಲಿಸುತ್ತಾರೆ. ಆದರೆ ಮನೆಮನೆಯ ಪೆಟ್ಟಿಗೆಗಳಲ್ಲಿ, ಮಸೀದಿಯ ಬೀರುಗಳಲ್ಲಿ ಇರುವ ಹಳೆಯ ಹೊತ್ತಗೆಗಳಿಗೆ ಕಡಲ ಗಾಳಿಯ ಉಪ್ಪು, ಗೆದ್ದಲು, ಅವನ್ನು ಓದಬಲ್ಲವರ ವಯಸ್ಸು ಮೂರೂ ಶತ್ರುಗಳಾಗಿವೆ. ಅರಬ್ಬಿ ಮಾತ್ರ ಬಲ್ಲವನು ಅವನ್ನು ಎತ್ತಿಕೊಂಡರೆ ಅಕ್ಷರ ತಿಳಿಯುತ್ತದೆ, ಅರ್ಥವಾಗುವುದಿಲ್ಲ. ತಮಿಳು ಮಾತ್ರ ಬಲ್ಲವನು ಓದುವುದನ್ನು ಕೇಳಿದರೆ ಅರ್ಥವಾದೀತು, ಅಕ್ಷರ ತಿಳಿಯುವುದಿಲ್ಲ. ಎರಡನ್ನೂ ಬಲ್ಲ ಮುದುಕರು ಇರುವಾಗಲೇ ಆ ಪೆಟ್ಟಿಗೆಗಳನ್ನು ತೆರೆಯಬೇಕು.

ಇದು ನೆರೆನಾಡಿನ ಸಂಗತಿ, ನಮಗೇನು ಎಂದು ವಾಚಕರು ಕೇಳಬಹುದು. ಅರವಿಯ ಒಡಹುಟ್ಟುಗಳು ನಮ್ಮ ಬಾಗಿಲಲ್ಲೇ ಇವೆ. ಕೇರಳದ ಮಾಪ್ಪಿಳ್ಳೆಯರು ಅರಬ್ಬಿ-ಮಲಯಾಳವನ್ನು ಬೆಳೆಸಿದರು. ಅದರಲ್ಲಿ ಕಲ್ಲಿಕೋಟೆಯ ಖಾಜಿ ಮುಹಮ್ಮದ್ ೧೬೦೭ರಲ್ಲಿ ‘ಮುಹ್ಯಿದ್ದೀನ್ ಮಾಲೆ’ಯನ್ನು ರಚಿಸಿದರು. ದಕ್ಷಿಣಕನ್ನಡದ ಬ್ಯಾರಿಗಳ ಮನೆಮಾತು ಬ್ಯಾರಿ. ಅವರ ಮಕ್ಕಳು ಮದರಸಾಗಳಲ್ಲಿ ಅರಬ್ಬಿ-ಮಲಯಾಳವನ್ನು ಓದಿದರು, ಶಾಲೆಯಲ್ಲಿ ಕನ್ನಡ ಲಿಪಿಯನ್ನು ಕಲಿತರು. ಬ್ಯಾರಿ ಸಾಹಿತ್ಯ ಅಕಾಡೆಮಿ ೨೦೦೭ರಲ್ಲಿ ಸ್ಥಾಪಿತವಾಯಿತು. ೨೦೨೦ರಲ್ಲಿ ಅದು ಬ್ಯಾರಿಗೆ ಪ್ರತ್ಯೇಕ ಲಿಪಿಯೊಂದನ್ನು ಬಿಡುಗಡೆ ಮಾಡಿತು. ಭಟ್ಕಳದ ನವಾಯತರು ಕೊಂಕಣಿಗೆ ಹತ್ತಿರವಾದ ತಮ್ಮ ನವಾಯತಿಯನ್ನು ಪಾರಸಿ-ಅರಬ್ಬಿ ಲಿಪಿಯಲ್ಲಿ ಬರೆಯುತ್ತಾರೆ. ಕೊಂಕಣಿಯನ್ನು ಮಂಗಳೂರಿನವರು ಕನ್ನಡದಲ್ಲಿ, ಗೋವೆಯವರು ನಾಗರಿಯಲ್ಲಿಯೂ ರೋಮನಿನಲ್ಲಿಯೂ ಬರೆಯುತ್ತಾರೆ. ತಮಿಳನ್ನೇ ೧೫೫೪ರಲ್ಲಿ ಲಿಸ್ಬನ್ ನಗರದಲ್ಲಿ ಪೋರ್ತುಗೀಸರು ರೋಮನ್ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಒಂದು ಮಾತು ಎಷ್ಟೋ ಅಂಗಿಗಳನ್ನು ತೊಟ್ಟೀತು. ಯಾವ ಅಂಗಿಯಲ್ಲಿದ್ದರೂ ಅದನ್ನು ಗುರುತು ಹಿಡಿಯುವುದು ಮನೆಯವರ ಕೆಲಸ.

ತಮಿಳು ಸಾಹಿತ್ಯಚರಿತ್ರೆಯನ್ನು ಬರೆಯುವವನು ತಮಿಳು ಲಿಪಿಯಲ್ಲಿರುವುದನ್ನು ಮಾತ್ರ ಎಣಿಸಿದರೆ ಈ ಹೆಂಗಸರು ಓದಿದ, ಹಾಡಿದ ತಮಿಳು ಲೆಕ್ಕಕ್ಕೆ ಬರುವುದಿಲ್ಲ. ಇಸ್ಲಾಮಿನ ವಾಙ್ಮಯವನ್ನು ಬರೆಯುವವನು ಅರಬ್ಬಿಯನ್ನು ಮಾತ್ರ ಎಣಿಸಿದರೂ ಅದು ತಪ್ಪಿಹೋಗುತ್ತದೆ. ಎರಡು ಕಡೆಗೂ ಸೇರಿದ್ದು ಎರಡು ಕಡೆಯಲ್ಲಿಯೂ ಕಾಣದಂತಾಗುವ ಅಪಾಯ ಇಲ್ಲಿದೆ. ನಮ್ಮ ಮನೆಗಳಲ್ಲಿಯೂ ಮೋಡಿ ಅಕ್ಷರದ ಲೆಕ್ಕಪತ್ರವೋ, ಹಳಗನ್ನಡದ ತಾಳೆಗರಿಯೋ, ಯಾರಿಗೂ ಓದಲು ಬಾರದ ಹಿರಿಯರ ಪುಸ್ತಕವೋ ಅಟ್ಟದ ಮೇಲೆ ಇದ್ದೀತು. ಓದಲು ಬಾರದು ಎಂಬ ಒಂದೇ ಕಾರಣಕ್ಕೆ ಅದನ್ನು ರದ್ದಿಗೆ ಹಾಕಬೇಡಿ ಎಂದು ವಾಚಕರಲ್ಲಿ ನನ್ನ ಬಿನ್ನಹ.

ಆ ಹುಡುಗನಿಗೆ ಮರುದಿನ ಈ ಕಥೆಯನ್ನೆಲ್ಲ ಹೇಳಿದೆ. ಅವನು ಗಮನವಿಟ್ಟು ಕೇಳಿ, ತನ್ನ ನೋಟ್ ಪುಸ್ತಕದಲ್ಲಿ ನಾನು ಕಲಿಸಿದ ಹಳಗನ್ನಡದ ‘ೞ’ ಅಕ್ಷರವನ್ನು ಹಾಕಿ ‘ಮೞೈ’ ಎಂದು ಬರೆದು ತೋರಿಸಿದ. "ಈಗ ಸರಿಯಾಯ್ತು ಸಾರ್. ಅಜ್ಜಿಗೆ ತೋರಿಸ್ತೀನಿ" ಎಂದ.